ಬುನ್ಯುಯೆಲ್‌ನ ಚಿತ್ರಜೀವನದಲ್ಲಿ ಮೆಕ್ಸಿಕೋದ ಸ್ಥಾನ

ಅತಿವಾಸ್ತವವಾದವೆಂದೊಡನೆ ಅಸಂಬದ್ಧ ಬಿಂಬಗಳ ಸ್ವಚ್ಛಂದ ಪ್ರವಾಹವೊಂದನ್ನು ಕಲ್ಪಿಸಿಕೊಳ್ಳುವ ರೂಢಿ ವಿಮರ್ಶಕರಲ್ಲಿಯೂ ಬೇರೂರಿರುವುದರಿಂದ, ಸ್ಪೇನಿನ ಚಿತ್ರನಿರ್ದೇಶಕ ಲೂಯಿಸ್ ಬುನ್ಯುಯೆಲ್‌ನ ಪ್ಯಾರಿಸಿನ ಮೊದಲೆರಡು ಚಿತ್ರಗಳನ್ನೂ ವೃದ್ಧಾಪ್ಯದ ಫ್ರೆಂಚ್ ಚಿತ್ರಗಳನ್ನೂ ಕಲೆಯೆಂದು ಎತ್ತಿಹಿಡಿದು, ನಡುವಣ ಮೆಕ್ಸಿಕೋದ ವರ್ಷಗಳನ್ನು ಹೊಟ್ಟೆಪಾಡಿನ ದುಡಿಮೆಯೆಂದು ಬದಿಗಿರಿಸುವುದು ಬಹುಕಾಲ ನಡೆದುಬಂದಿತು. ಅವನ ಜೀವನವೃತ್ತಾಂತವನ್ನೂ ಕೃತಿಗಳನ್ನೂ ಜತೆಗಿಟ್ಟು ಪರಿಶೀಲಿಸಿದರೆ ಈ ವಿಭಜನೆ ನಿಲ್ಲಲಾರದೆಂಬುದು ನನ್ನ ಅಭಿಮತ. ಅವನ ಪ್ರತಿಭೆ ಪರಿಪಕ್ವವಾದುದು ಮೆಕ್ಸಿಕೋದಲ್ಲಿಯೇ.

ಆರಗಾನ್ ಪ್ರಾಂತದ ಕಲಾಂದಾ ಎಂಬ ಊರಿನಲ್ಲಿ 1900ರ ಫೆಬ್ರವರಿ 22ರಂದು ಜನಿಸಿದ ಬುನ್ಯುಯೆಲ್, ಕ್ಯೂಬಾದಲ್ಲಿ ವ್ಯಾಪಾರಮಾಡಿ ಸಿರಿವಂತನಾಗಿ ಹಿಂದಿರುಗಿದ ತಂದೆಯ ಜ್ಯೇಷ್ಠಪುತ್ರ. ಶುಭ ಶುಕ್ರವಾರದ ಮಧ್ಯಾಹ್ನದಿಂದ ಮರುದಿನದ ಮಧ್ಯಾಹ್ನದವರೆಗೆ ಊರಿಗೆ ಊರೇ ನಗಾರಿ ಬಾರಿಸುವ ಆ ಸೀಮೆಯ ಸಂಪ್ರದಾಯವೂ, ಸಾರಗೋಸಾದ ಜೆಸುಯಿಟ್ ಪಾದ್ರಿಗಳ ಶಾಲೆಯ ಕಟ್ಟುನಿಟ್ಟಿನ ಧರ್ಮಶಿಕ್ಷಣವೂ ಅವನ ಚಿತ್ರಗಳಲ್ಲಿ ಕಡೆಯವರೆಗೂ ಅನುರಣಿಸುತ್ತಲೇ ಇದ್ದುವು. 1917ರಲ್ಲಿ ಮ್ಯಾಡ್ರಿಡ್ಡಿನ ವಿದ್ಯಾರ್ಥಿನಿಲಯವನ್ನು ಸೇರಿದ ಬಳಿಕ ಕವಿ ಲೋರ್ಕಾ, ಚಿತ್ರಕಾರ ದಾಲಿ ಇವರ ಸ್ನೇಹ ಲಭಿಸಿತೆಂಬುದು ಸುಪ್ರಸಿದ್ಧ. ಅಷ್ಟು ಪ್ರಸಿದ್ಧವಲ್ಲದ, ಆದರೆ ನಮ್ಮ ವಿಚಾರಕ್ಕೆ ಹೆಚ್ಚು ಪ್ರಸ್ತುತವಾದ ಸಂಗತಿಯೆಂದರೆ, ಅಲ್ಲಿ ಅವನು ಕೆಲಕಾಲ ಕೀಟಶಾಸ್ತ್ರವನ್ನು ಅಭ್ಯಾಸಮಾಡಿದನೆಂಬುದು. ಕೀಟವನ್ನು ದ್ವೇಷವೂ ಇಲ್ಲದೆ ಮಮಕಾರವೂ ಇಲ್ಲದೆ ದಿಟ್ಟಿಸುವವನ ನೋಟ ಅವನಿಗೆ ಆಗಲೇ ಸಿದ್ಧಿಸಿದ್ದಿರಬೇಕು.

1925ರಲ್ಲಿ ಪ್ಯಾರಿಸ್ಸಿಗೆ ತೆರಳಿ ನಿರ್ದೇಶಕ ಜಾ಼ನ್ ಎಪ್‌ಸ್ಟೈನನ ಸಹಾಯಕನಾಗಿ ಕಸುಬು ಕಲಿತ ಬುನ್ಯುಯೆಲ್, ದಾಲಿಯೊಡನೆ ಕಥೆ ಹೆಣೆದು, ತಾಯಿ ಕೊಟ್ಟ ಹಣದಿಂದ 1929ರಲ್ಲಿ ‘ಆಂದಲೂಸಿಯದ ನಾಯಿ’ ಎಂಬ ಕಿರುಚಿತ್ರವನ್ನು ನಿರ್ಮಿಸಿದನು. ಯುಕ್ತಿಯುಕ್ತವಾದ ವಿವರಣೆಗೆ ಎಡೆಗೊಡುವ ಯಾವ ಬಿಂಬವನ್ನೂ ಸ್ವೀಕರಿಸಕೂಡದೆಂಬುದು ಇಬ್ಬರ ಒಪ್ಪಂದ. ತೆಳುಮೋಡವೊಂದು ಚಂದ್ರನನ್ನು ಹಾಯ್ದುಹೋಗುತ್ತದೆ. ಮರುಕ್ಷಣವೇ ಕ್ಷೌರದ ಕತ್ತಿ ಹೆಣ್ಣೊಬ್ಬಳ ಕಣ್ಣನ್ನು ಸೀಳುತ್ತದೆ. ವಾಸ್ತವವಾಗಿ ಸೀಳಿದ್ದು ಸತ್ತ ಕರುವಿನ ಕಣ್ಣು. ಮೊದಲ ಪ್ರದರ್ಶನದಂದು ಜನ ದಂಗೆಯೆದ್ದಾರೆಂದು ಜೇಬಿನಲ್ಲಿ ಕಲ್ಲು ತುಂಬಿಕೊಂಡು ಪರದೆಯ ಹಿಂದೆ ನಿಂತಿದ್ದುದಾಗಿ ಅವನೇ ಹೇಳಿಕೊಂಡಿದ್ದಾನೆ, ದೊರೆತದ್ದು ಚಪ್ಪಾಳೆ. ನಿಜವಾದ ದಂಗೆ ಮರುವರ್ಷದ ‘ಸುವರ್ಣಯುಗ’ಕ್ಕೆ ಕಾದಿತ್ತು. ಚೇಳುಗಳ ಜೀವನಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸುವುದರಿಂದ ತೊಡಗುವ ಆ ಚಿತ್ರದ ಮೇಲೆ 1930ರ ಡಿಸೆಂಬರಿನಲ್ಲಿ ಬಲಪಂಥೀಯರು ಎರಗಿ ಪರದೆಗೆ ಮಸಿಯೆರಚಿದರು. ಪೊಲೀಸರು ಚಿತ್ರವನ್ನೇ ನಿಷೇಧಿಸಿದರು. ಸುಮಾರು ಅರ್ಧ ಶತಮಾನ ಅದು ಸಾರ್ವಜನಿಕರಿಗೆ ದುರ್ಲಭವಾಯಿತು.

ಬಳಿಕ ಸ್ಪೇನಿನ ಅತಿ ದರಿದ್ರವಾದ ಗುಡ್ಡಗಾಡೊಂದನ್ನು ಕುರಿತು ತೆಗೆದ ಸಾಕ್ಷ್ಯಚಿತ್ರ ‘ರೊಟ್ಟಿಯಿಲ್ಲದ ನೆಲ’. ಅದಕ್ಕೆ ಬಂಡವಾಳ ಒದಗಿದ್ದು ಅರಾಜಕತಾವಾದಿ ಮಿತ್ರ ರಾಮೋನ್ ಆಸೀನ್‌ಗೆ ಒಲಿದ ಲಾಟರಿಯ ಹಣದಿಂದ. ಆ ಉದಾರಿಯನ್ನು 1936ರಲ್ಲಿ ಫ್ರಾಂಕೋ ಪಕ್ಷದವರು ಗುಂಡಿಟ್ಟು ಕೊಂದರು. ಈ ಚಿತ್ರದಲ್ಲಿ ಮೇಕೆಯೊಂದು ಬಂಡೆಯಿಂದ ಉರುಳುವಾಗ ಅಂಚಿನಲ್ಲಿ ಬಂದೂಕಿನ ಹೊಗೆ ಕಾಣುತ್ತದೆ. ಅಂದರೆ ವಾಸ್ತವವನ್ನೂ ಕಲಾವಿದನೇ ಸಂಯೋಜಿಸಿದ್ದಾನೆ; ಆ ಹೊಗೆಯನ್ನು ಅಳಿಸಿಹಾಕುವ ಗೋಜಿಗೂ ಹೋಗಿಲ್ಲ.

ಸ್ಪೇನಿನ ಅಂತರ್ಯುದ್ಧ ಅವನನ್ನು ದೇಶಭ್ರಷ್ಟನನ್ನಾಗಿಸಿತು. ಹಾಲಿವುಡ್, ನ್ಯೂಯಾರ್ಕ್‌ಗಳಲ್ಲಿ ಫಲವಿಲ್ಲದ ವರ್ಷಗಳನ್ನು ಕಳೆದು 1946ರಲ್ಲಿ ಮೆಕ್ಸಿಕೋ ಸೇರಿದಾಗ, ಪ್ರಧಾನ ನಿರ್ದೇಶಕನಾಗಿ ಚಿತ್ರವೊಂದನ್ನು ತೆಗೆದು ಹದಿಮೂರು ವರ್ಷಗಳಷ್ಟಾಗಿತ್ತು. ಅಲ್ಲಿ ಅಲ್ಪ ಹಣ, ಅಲ್ಪ ಕಾಲ, ಜನಪ್ರಿಯ ಕಥೆಗಳ ಕಟ್ಟುಪಾಡು. ಆದರೆ 1950ರ ‘ಮರೆತುಹೋದವರು’ ಚಿತ್ರವನ್ನು ನೋಡಿದವರು ಆ ಕಟ್ಟುಪಾಡನ್ನು ಹಳಿಯಲಾರರು. ಮೆಕ್ಸಿಕೋ ನಗರದ ಬೀದಿಮಕ್ಕಳ ಈ ಕಥೆಯಲ್ಲಿ ಪೇದ್ರೋ ಎಂಬ ಹುಡುಗ ಕನಸು ಕಾಣುತ್ತಾನೆ: ಎಚ್ಚರದಲ್ಲಿ ತನಗೆ ಅನ್ನ ನಿರಾಕರಿಸಿದ ತಾಯಿ ಬಿಳಿಯುಡುಪಿನಲ್ಲಿ ತೇಲುತ್ತ ಬಂದು ಹಸಿಮಾಂಸದ ತುಂಡನ್ನು ನೀಡುತ್ತಾಳೆ, ಮಂಚದ ಕೆಳಗಿನಿಂದ ಕೊಲೆಗಾರ ಗೆಳೆಯನ ಕೈ ಮೇಲೆದ್ದು ಅದನ್ನು ಕಸಿದುಕೊಳ್ಳುತ್ತದೆ. ಪ್ಯಾರಿಸಿನ ಚಿತ್ರಗಳಲ್ಲಿ ಬಿಂಬಕ್ಕೆ ಬೇರು ಬೇಕಿರಲಿಲ್ಲ. ಇಲ್ಲಿ ಆ ಮಾಂಸಕ್ಕೆ ಹಸಿವೆಂಬ ಬೇರಿದೆ, ಆದುದರಿಂದಲೇ ಅದರ ಭಯಾನಕತೆ ನೂರ್ಮಡಿ. ದೇಶಕ್ಕೆ ಅಪಮಾನವಾಯಿತೆಂಬ ಕೂಗಿನ ನಡುವೆ ಕೆಲವೇ ದಿನಗಳಲ್ಲಿ ತೆರೆಯಿಂದಿಳಿದ ಈ ಚಿತ್ರ, 1951ರಲ್ಲಿ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿ ಪಡೆಯಿತು. ಅಲ್ಲಿ ಅದರ ಪರವಾಗಿ ಪ್ರಬಂಧ ಬರೆದು ಹಂಚಿದವನು ಕವಿ ಒಕ್ತಾವಿಯೋ ಪಾಸ್.

ಅಲಂಕಾರದ ಬಗೆಗೆ ಬುನ್ಯುಯೆಲ್‌ನಿಗಿದ್ದ ವಿಮುಖತೆಯೂ ಮೆಕ್ಸಿಕೋದಲ್ಲಿಯೇ ದೃಢಪಟ್ಟಿತು. ‘ನಸರೀನ್’ ಚಿತ್ರೀಕರಣದಲ್ಲಿ ಛಾಯಾಗ್ರಾಹಕ ಗಾಬ್ರಿಯೆಲ್ ಫಿಗೆರೋವಾ ಪೊಪೊಕಾತೆಪೆತ್ಲ್ ಅಗ್ನಿಪರ್ವತವೂ ಬಿಳಿಮುಗಿಲೂ ಒಡಗೂಡಿದ ರಮ್ಯ ನೋಟವನ್ನು ಅಣಿಮಾಡಿ ನಿಂತಾಗ, ಬುನ್ಯುಯೆಲ್ ಕ್ಯಾಮೆರಾವನ್ನು ತಿರುಗಿಸಿ ಯಾವ ವಿಶೇಷವೂ ಇಲ್ಲದ ನೆಲದತ್ತ ಹಿಡಿಸಿದನಂತೆ.

1961ರಲ್ಲಿ ಸ್ವದೇಶಕ್ಕೆ ಮರಳಿ ತೆಗೆದ ‘ವಿರಿದಿಯಾನಾ’ ಕಾನ್‌ನ ಪರಮೋಚ್ಚ ಪ್ರಶಸ್ತಿಯನ್ನು ಗಳಿಸಿತು. ವ್ಯಾಟಿಕನ್ನಿನ ಪತ್ರಿಕೆಯ ಖಂಡನೆಗೆ ಗುರಿಯಾಗಿ ಸ್ಪೇನಿನಲ್ಲಿ ನಿಷಿದ್ಧವೂ ಆಯಿತು. ಕೊನೆಯ ಘಟ್ಟದ ಬಹುತೇಕ ಚಿತ್ರಗಳಿಗೆ ಜತೆ ಲೇಖಕನಾದವನು ಜಾ಼ನ್ ಕ್ಲೋದ್ ಕ್ಯಾರಿಯೇರ್. ಪೀಟರ್ ಬ್ರೂಕ್‌ಗಾಗಿ ನಮ್ಮ ಮಹಾಭಾರತವನ್ನು ನಾಟಕವಾಗಿಸಿದವನೂ ಈತನೇ. ಊಟಕ್ಕೆ ಕುಳಿತವರಿಗೆ ಊಟವೇ ದಕ್ಕದ 1972ರ ಚಿತ್ರ ಆಸ್ಕರ್ ಪಡೆಯಿತು. 1977ರ ಅಂತಿಮ ಚಿತ್ರದಲ್ಲಿ ಒಂದೇ ಪಾತ್ರವನ್ನು ಇಬ್ಬರು ನಟಿಯರು ಸರದಿಯಂತೆ ಅಭಿನಯಿಸುತ್ತಾರೆ. ಅದಕ್ಕೆ ಕಾರಣವನ್ನು ಚಿತ್ರ ಹೇಳುವುದಿಲ್ಲ, ನಿರೂಪಣೆಯ ನೇರವಾದ ಓಟದಲ್ಲಿ ಎಷ್ಟೋ ಪ್ರೇಕ್ಷಕರಿಗೆ ಆ ಬದಲಾವಣೆ ಕೂಡಲೇ ಹೊಳೆಯುವುದೂ ಇಲ್ಲ. ಅಷ್ಟು ನಿರಾಡಂಬರವಾಗಿ ಕಥೆ ಹೇಳುವ ಶಕ್ತಿಯನ್ನು ಪ್ಯಾರಿಸ್ ಅವನಿಗೆ ಕೊಟ್ಟಿರಲಿಲ್ಲ. ಕೆಲವೇ ವಾರಗಳಲ್ಲಿ ಚಿತ್ರೀಕರಣ ಮುಗಿಸಬೇಕಾಗಿದ್ದ ಮೆಕ್ಸಿಕೋದ ಸ್ಟುಡಿಯೋಗಳು ಕೊಟ್ಟವು. ಆ ದೇಶದ ಪೌರತ್ವ ಸ್ವೀಕರಿಸಿದ್ದ ಅವನು 1983ರ ಜುಲೈ 29ರಂದು ಮೆಕ್ಸಿಕೋ ನಗರದಲ್ಲಿಯೇ ತೀರಿಕೊಂಡನು.