ಮೊದಲ ದೃಶ್ಯದಲ್ಲೇ ಬಿತ್ತನೆ

ಜಾತ್ರೆಗೆ ನಾಟಕ ಬರೆಯುವ ನಮ್ಮಲ್ಲಿ ಹಲವರು ಮೊದಲ ದೃಶ್ಯವನ್ನೆಲ್ಲ ಪಾತ್ರಗಳ ಪರಿಚಯಕ್ಕೇ ಕಳೆಯುತ್ತೇವೆ. ಅಷ್ಟರಲ್ಲಿ ಜನ ಚಹಾದಂಗಡಿ ಕಡೆ ಎದ್ದಿರುತ್ತಾರೆ. ಗಿರೀಶ್ ಕಾರ್ನಾಡರ ‘ತುಘಲಕ್’ (1964) ಹೇಗೆ ಶುರುವಾಗುತ್ತದೆ ನೋಡಿ.

1327ನೇ ಇಸವಿ, ದೆಹಲಿಯ ನ್ಯಾಯಾಲಯದ ಅಂಗಳ. ಜಮೀನು ಕಿತ್ತುಕೊಂಡರೆಂದು ಬ್ರಾಹ್ಮಣನೊಬ್ಬ ಸುಲ್ತಾನನ ಮೇಲೇ ದಾವೆ ಹಾಕಿ ಗೆದ್ದಿದ್ದಾನೆ. ತೀರ್ಪಿಗೆ ತಲೆಬಾಗಿದ ಸುಲ್ತಾನ, ರಾಜಧಾನಿಯನ್ನು ದೌಲತಾಬಾದಿಗೆ ಒಯ್ಯುವುದಾಗಿ ಅಲ್ಲೇ ಸಾರುತ್ತಾನೆ. ಜನ ಚದುರಿದ ಮೇಲೆ ಗುಟ್ಟು ಬಯಲಾಗುತ್ತದೆ: ಗೆದ್ದವನು ಬ್ರಾಹ್ಮಣನಲ್ಲ, ವೇಷ ಹಾಕಿದ ಅಗಸ ಅಜೀಜ್!

ತುಘಲಕ್ ಮೇಲೆ ಹಿಂದೂ ಒಬ್ಬ ದೂರು ಕೊಟ್ಟಾಗ ಆತ ಖಾಜಿಯ ಮುಂದೆ ಹಾಜರಾದನೆಂದು ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಅಗಸನ ಮೋಸ ಮಾತ್ರ ಕಾರ್ನಾಡರ ಕಲ್ಪನೆ.

ನಾಟಕ ಬೆಳೆಯುವುದು ಆ ಮೋಸದಿಂದಲೇ. ಸುಲ್ತಾನನ ಒಂದೊಂದು ಒಳ್ಳೆಯ ಯೋಜನೆಯಲ್ಲೂ ಅಜೀಜ್ ಲಾಭ ಹುಡುಕುತ್ತಾನೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯ ಮಾಡುತ್ತಾನೆ. ಕೊನೆಗೆ ಸಿಕ್ಕಿಬಿದ್ದರೂ ಸುಲ್ತಾನ ಅವನನ್ನು ಶಿಕ್ಷಿಸಲಾರ.

ಬರೆಯಲು ಕೂತಾಗ ನಾವೂ ಕೇಳಿಕೊಳ್ಳೋಣ: ಕೊನೆಯ ದೃಶ್ಯದಲ್ಲಿ ಕೊಯ್ಯಬೇಕಾದ್ದನ್ನು ಮೊದಲ ದೃಶ್ಯದಲ್ಲಿ ಬಿತ್ತಿದ್ದೇವಾ?