ಹಳೆಯ ಯಂತ್ರಕ್ಕೆ ಮರುಜೀವ

ನಿಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನಿಂತುಹೋಯಿತೆನ್ನಿ. ರಿಪೇರಿಯವರು ಬಂದು ನೋಡಿ, "ಇದರ ಬಿಡಿಭಾಗ ಈಗ ಸಿಗುವುದಿಲ್ಲ, ಹೊಸದನ್ನೇ ಕೊಳ್ಳಿರಿ" ಎಂದು ಹೇಳಿ ಹೋಗುತ್ತಾರೆ. ಕೊಂಡು ಎಂಟು ವರ್ಷವೂ ತುಂಬಿರುವುದಿಲ್ಲ. ಆದರೆ 1983ರಲ್ಲಿಯೇ ತಯಾರಿಕೆ ನಿಂತುಹೋದ ಒಂದು ಯಂತ್ರ ಅಮೆರಿಕದ ಕೆಲವು ಹಳ್ಳಿಮನೆಗಳಲ್ಲಿ ಇಂದಿಗೂ ವಾರವಾರವೂ ಬಟ್ಟೆ ಒಗೆಯುತ್ತಿದೆ. ಇದು ಹೇಗೆ ಸಾಧ್ಯವಾಯಿತು? ಆ ಚರಿತ್ರೆಯನ್ನು ತುಸು ಅವಲೋಕಿಸೋಣ.

ಅಯೊವಾ ರಾಜ್ಯದ ನ್ಯೂಟನ್ ಪಟ್ಟಣದಲ್ಲಿ ಫ್ರೆಡರಿಕ್ ಲೂಯಿ ಮೇಟ್ಯಾಗ್ ಎಂಬವರು ಪಾಲುದಾರರೊಡನೆ 1893ರಲ್ಲಿ ಒಂದು ಕಾರ್ಖಾನೆಯನ್ನು ಆರಂಭಿಸಿದರು. ಒಕ್ಕಣೆ ಯಂತ್ರಗಳಿಗೆ ಬೇಕಾದ ಉಪಕರಣಗಳನ್ನು ತಯಾರಿಸುವುದು ಅವರ ಉದ್ಯಮವಾಗಿತ್ತು. ಸುಗ್ಗಿ ಮುಗಿದ ಮೇಲೆ ಕಾರ್ಖಾನೆಗೆ ಕೆಲಸವಿರುತ್ತಿರಲಿಲ್ಲ. ಆ ಬಿಡುವಿನ ತಿಂಗಳುಗಳಿಗೆಂದು 1907ರಲ್ಲಿ ಮರದ ತೊಟ್ಟಿಯ ಒಗೆಯುವ ಯಂತ್ರವೊಂದನ್ನು ಹೊರತಂದರು. ಅಂದು ರೈತರ ಮನೆಗಳಿಗೆ ವಿದ್ಯುತ್ತು ಬಂದಿರಲಿಲ್ಲ. ಆದುದರಿಂದ ಕಾಲಿನಿಂದ ಒದ್ದು ಚಾಲೂ ಮಾಡುವ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಯಂತ್ರದಡಿಯಲ್ಲಿ ಅಳವಡಿಸಿದರು. ಅದರ ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಬಿಡುತ್ತಿದ್ದರು. 1922ರಲ್ಲಿ ಅದೇ ಕಾರ್ಖಾನೆಯ ಹೊವಾರ್ಡ್ ಸ್ನೈಡರ್ ಎಂಬ ಕುಶಲಕರ್ಮಿಯ ಶ್ರಮದಿಂದ ಮಹತ್ತರವಾದ ಬದಲಾವಣೆಯಾಯಿತು. ಅದುವರೆಗೆ ಮುಚ್ಚಳದಿಂದ ಇಳಿಬಿಟ್ಟ ಗೂಟ ಬಟ್ಟೆಯನ್ನು ನೀರಿನಲ್ಲಿ ಎಳೆದಾಡುತ್ತಿತ್ತು. ಈಗ ತೊಟ್ಟಿಯ ತಳದಲ್ಲಿ ಕುಳಿತ ರೆಕ್ಕೆಗಳ ಕಡೆಗೋಲು ಸಾಬೂನು ನೀರನ್ನೇ ಬಟ್ಟೆಯ ಮೂಲಕ ಹಾಯಿಸತೊಡಗಿತು. ತೊಟ್ಟಿಯೂ ತುಕ್ಕು ಹಿಡಿಯದ ಎರಕದ ಅಲ್ಯೂಮಿನಿಯಮ್ಮಿನದಾಗಿತ್ತು.

ಈ ಯಂತ್ರದ ರಚನೆ ತೀರ ಸರಳ. ಕೆಳಗೊಂದು ಮೋಟಾರು, ಅದರಿಂದೊಂದು ಬೆಲ್ಟು, ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಕೆಲವು ಹಲ್ಲುಚಕ್ರಗಳು. ಸುತ್ತುವ ಚಲನೆಯನ್ನು ಅತ್ತಿತ್ತ ತಿರುಗುವ ಚಲನೆಯನ್ನಾಗಿಸುವುದಷ್ಟೇ ಆ ಚಕ್ರಗಳ ಕೆಲಸ. ಮೇಲ್ಗಡೆ ಬಟ್ಟೆ ಹಿಂಡಲು ಎರಡು ರಬ್ಬರ್ ಉರುಳೆಗಳು. ಒಮ್ಮೆ ತುಂಬಿದ ನೀರಿನಲ್ಲಿಯೇ ಮೊದಲು ಬಿಳಿಯ ಬಟ್ಟೆ, ಅನಂತರ ಬಣ್ಣದವು, ಕೊನೆಯಲ್ಲಿ ಹೊಲದ ಕೆಲಸದ ಉಡುಪುಗಳನ್ನು ಒಗೆಯುತ್ತಿದ್ದರು.

ಇಂತಹ ಯಂತ್ರವೂ ಕೆಡುತ್ತದೆ. ಉರುಳೆಯ ರಬ್ಬರ್ ಕಾಲಕ್ರಮೇಣ ಗಟ್ಟಿಯಾಗಿ ಬಿರುಕುಬಿಡುತ್ತದೆ; ಬೆಲ್ಟು ಸಡಿಲಗೊಳ್ಳುತ್ತದೆ; ನೀರು ಬಸಿಯುವ ಕೊಳವೆ ಒಡೆಯುತ್ತದೆ; ಕಡೆಗೋಲು ತನ್ನ ದಂಡಕ್ಕೆ ಅಂಟಿಕೊಂಡು ಮೇಲೇಳದಂತಾಗುತ್ತದೆ. ಹಳೆಯ ತಂತಿಯ ಹೊದಿಕೆ ಪುಡಿಯಾಗಿ ಉದುರುತ್ತದೆ. ಅಂತಹ ತಂತಿಯನ್ನು ಬದಲಾಯಿಸಿ, ಅರ್ಥಿಂಗ್ ಕೊಡದೆ ಯಂತ್ರವನ್ನು ಮುಟ್ಟುವುದು ಅಪಾಯಕರ. ಆದರೆ ಇವೆಲ್ಲವೂ ಕಣ್ಣಿಗೆ ಕಾಣುವ ದೋಷಗಳು. ಒಂದೊಂದು ಭಾಗವನ್ನೂ ಸ್ಕ್ರೂ ಬಿಚ್ಚಿ ಹೊರತೆಗೆಯಬಹುದು, ಬೇರೊಂದನ್ನು ಅಲ್ಲಿಯೇ ಕೂರಿಸಬಹುದು.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದೆಂದು ಭ್ರಮಿಸಬಾರದು. ಉರುಳೆಗಳ ನಡುವೆ ಕೈಬೆರಳು ಸಿಲುಕಿ, ತೋಳೇ ಒಳಗೆ ಸೆಳೆಯಲ್ಪಟ್ಟು ಗಾಯಗೊಂಡ ಮಕ್ಕಳು ಅನೇಕರು. ಈ ಗಾಯವನ್ನು ವೈದ್ಯರು 1938ರಷ್ಟು ಹಿಂದೆಯೇ ಹೆಸರಿಟ್ಟು ವಿವರಿಸಿದ್ದರು. ಉರುಳೆಗಳ ಒತ್ತಡವನ್ನು ಥಟ್ಟನೆ ಬಿಡಿಸುವ ಸನ್ನೆಯನ್ನು ಅಳವಡಿಸಿದ ಮೇಲೂ ಎಚ್ಚರಿಕೆ ಅಗತ್ಯವಾಗಿತ್ತು.

ಸ್ವಯಂಚಾಲಿತ ಯಂತ್ರಗಳು ಬಂದ ಮೇಲೆ ಬಹುಪಾಲು ಜನ ಉರುಳೆಯಂತ್ರವನ್ನು ಕೈಬಿಟ್ಟರು. ಬಿಡದೆ ಉಳಿಸಿಕೊಂಡವರಲ್ಲಿ ಮುಖ್ಯರು ಅಮಿಶ್ ಸಮುದಾಯದವರು. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಪ್ರಾಂತ್ಯಗಳ ಕ್ರೈಸ್ತ ಪಂಗಡವೊಂದರಲ್ಲಿ ಉಂಟಾದ ಭಿನ್ನಾಭಿಪ್ರಾಯದಿಂದ ರೂಪುಗೊಂಡ ಈ ಸಮುದಾಯದವರು ಇಂದು ಪೆನ್ಸಿಲ್ವೇನಿಯ, ಒಹಾಯೊ ಮುಂತಾದ ರಾಜ್ಯಗಳಲ್ಲಿ ನೆಲೆಸಿದ್ದಾರೆ. ಸಾರ್ವಜನಿಕ ವಿದ್ಯುತ್ ಜಾಲದಿಂದ ಮನೆಗೆ ತಂತಿ ಎಳೆಸಿಕೊಳ್ಳದಿರುವುದು ಅವರಲ್ಲಿ ಬಹುಮಂದಿಯ ನಿಯಮ. ಆದರೆ ಯಂತ್ರವನ್ನೇ ಅವರು ತೊರೆದಿಲ್ಲ! ಹಳೆಯ ಉರುಳೆಯಂತ್ರದ ವಿದ್ಯುತ್ ಮೋಟಾರನ್ನು ಬಿಚ್ಚಿ, ಆ ಜಾಗದಲ್ಲಿ ಪೆಟ್ರೋಲ್ ಎಂಜಿನ್ನನ್ನೋ, ಒತ್ತಡದ ಗಾಳಿಯಿಂದ ತಿರುಗುವ ಮೋಟಾರನ್ನೋ ಜೋಡಿಸುತ್ತಾರೆ. ಸಮುದಾಯದೊಳಗಿನ ಕಾರ್ಯಾಗಾರಗಳು ಹಳೆಯ ಯಂತ್ರಗಳನ್ನು ಕೊಂಡು ತಂದು, ಬಿಚ್ಚಿ ತೊಳೆದು, ಸವೆದುದನ್ನು ಬದಲಾಯಿಸಿ ಮತ್ತೆ ಮಾರುತ್ತವೆ. ಯಂತ್ರದೊಂದಿಗೆ ರಿಪೇರಿಯ ಅರಿವೂ ಹೀಗೆ ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಸಾಗಿದೆ.

ಇಲ್ಲೊಂದು ಸ್ವಾರಸ್ಯವಿದೆ. 1967ರಲ್ಲಿ ಮೇಟ್ಯಾಗ್ ಕಂಪೆನಿ ಟೆಲಿವಿಷನ್ ಜಾಹೀರಾತಿನಲ್ಲಿ ಒಬ್ಬ ರಿಪೇರಿಗಾರನನ್ನು ತೋರಿಸತೊಡಗಿತು. ಯಂತ್ರಗಳು ಕೆಡುವುದೇ ಇಲ್ಲವಾದುದರಿಂದ ಅವನಿಗೆ ಕೆಲಸವಿಲ್ಲ, ಒಂಟಿಯಾಗಿ ಕುಳಿತು ಬೇಸರಪಡುತ್ತಾನೆ. ಜನ ನಕ್ಕು ಮೆಚ್ಚಿದರು. ಆದರೆ ಚರಿತ್ರೆ ಹೇಳುವ ಮಾತು ಬೇರೆ. ಆ ಯಂತ್ರಗಳು ಇಷ್ಟು ಕಾಲ ಬದುಕಿರುವುದು ರಿಪೇರಿಗಾರನಿಗೆ ಕೆಲಸ ಸಿಕ್ಕಿದ್ದರಿಂದಲೇ. 2006ರಲ್ಲಿ ಮೇಟ್ಯಾಗ್ ಕಂಪೆನಿ ವರ್ಲ್‌ಪೂಲ್ ಸಂಸ್ಥೆಯ ವಶವಾಯಿತು. ಮರುವರ್ಷ ನ್ಯೂಟನ್ ಕಾರ್ಖಾನೆಯ ಬಾಗಿಲು ಮುಚ್ಚಿತು. ತಯಾರಿಸಿದ ಕಾರ್ಖಾನೆ ಹೋಯಿತು, ಯಂತ್ರ ಉಳಿಯಿತು.

ಇಂದಿನ ಅನೇಕ ಯಂತ್ರಗಳಲ್ಲಿ ಪ್ಲಾಸ್ಟಿಕ್ ತೊಟ್ಟಿಯ ಎರಡು ಭಾಗಗಳನ್ನು ಬಿಚ್ಚಲಾಗದಂತೆ ಬೆಸೆದಿರುತ್ತಾರೆ. ಒಳಗಿನ ಒಂದು ಬೇರಿಂಗ್ ಸವೆದರೆ ಇಡೀ ತೊಟ್ಟಿಯನ್ನೇ ಬದಲಾಯಿಸಬೇಕು. ಇದನ್ನು ಮನಗಂಡ ಐರೋಪ್ಯ ಒಕ್ಕೂಟ 2021ರ ಮಾರ್ಚ್‌ನಿಂದ ಹೊಸ ನಿಯಮವೊಂದನ್ನು ಜಾರಿಗೆ ತಂದಿತು. ಒಗೆಯುವ ಯಂತ್ರದ ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 10 ವರ್ಷ ಅದರ ಮುಖ್ಯ ಬಿಡಿಭಾಗಗಳು ದೊರೆಯುವಂತಿರಬೇಕು. ನಮ್ಮ ದೇಶದಲ್ಲಿಯೂ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಮಾಹಿತಿ ಜಾಲತಾಣವನ್ನು ಆರಂಭಿಸಿತು.

ಆದರೆ ಕಾನೂನೊಂದೇ ಸಾಲದು. ಬಿಡಿಭಾಗ ದೊರೆತರೂ ಅದನ್ನು ಕೂರಿಸಬಲ್ಲ ಕೈ ಬೇಕಲ್ಲವೇ? ನಮ್ಮ ಪೇಟೆಯ ಮೂಲೆಯಲ್ಲಿ ಗ್ರೀಸು ಮೆತ್ತಿದ ಕೈಗಳಿಂದ ಮೋಟಾರು ಬಿಚ್ಚುತ್ತ ಕುಳಿತ ಮೆಕ್ಯಾನಿಕ್ ನಮ್ಮಿಂದ ಕೆಲಸ ಸಿಕ್ಕರೆ ಮಾತ್ರ ನಾಳೆಯೂ ಅಲ್ಲಿರುತ್ತಾನೆ, ಮತ್ತೊಬ್ಬ ಹುಡುಗನಿಗೆ ಆ ವಿದ್ಯೆ ಕಲಿಸುತ್ತಾನೆ. ಮುಂದಿನ ಸಲ ಅಂಗಡಿಯಲ್ಲಿ ಹೊಸ ಯಂತ್ರದ ಮುಂದೆ ನಿಂತಾಗ ಅದರ ಬೆಲೆಯನ್ನು ವಿಚಾರಿಸುವ ಮೊದಲು, "ಇದು ಕೆಟ್ಟರೆ ಬಿಚ್ಚಲು ಬರುತ್ತದೆಯೇ?" ಎಂದು ಕೇಳಿ ನೋಡಿರಿ. ಕೇಳುವವರು ಹೆಚ್ಚಿದರೆ ತಯಾರಿಸುವವರೂ ಉತ್ತರಿಸಲೇಬೇಕಾಗುತ್ತದೆ.