ಮೆಲುಕಿನಿಂದ ಮಿದುಳಿನವರೆಗೆ

ಅಜ್ಜಂಪುರವೆಂದೊಡನೆ ನೆನಪಾಗುವುದು ಅಮೃತಮಹಲ್ ದನಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂಬ ಹೆಸರಿಟ್ಟ. ಆ ತಳಿಯ ಸಂವರ್ಧನ ಕೇಂದ್ರ ಈ ಊರಿನಲ್ಲಿದೆ. ದನ ಮೆಲುಕು ಹಾಕುವುದನ್ನು ನಿಲ್ಲಿಸಿತೆಂದರೆ ಅದಕ್ಕೆ ಕಾಯಿಲೆಯೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನಿಂದು ಹೇಳಹೊರಟಿರುವ ಕಥೆ ಈ ಮೆಲುಕಿನಿಂದಲೇ ಆರಂಭವಾಗಿ ಮನುಷ್ಯನ ಮಿದುಳಿನವರೆಗೆ ಸಾಗುತ್ತದೆ.

ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಫ್ಯಾಬ್ರಿಸಿಯಸ್ 1619ರಲ್ಲಿ ತೀರಿಕೊಂಡ. ಮೆಲುಕು ಮರೆತ ಪ್ರಾಣಿಯ ಬಾಯಿಗೆ ಇನ್ನೊಂದು ಪ್ರಾಣಿ ಅಗಿದ ಮೆಲುಕನ್ನಿಟ್ಟರೆ ಅದು ಚೇತರಿಸಿಕೊಳ್ಳುವುದೆಂದು ತಾನು ಕೇಳಿದ್ದನ್ನು ಆತ ಬರೆದಿಟ್ಟಿದ್ದಾನೆ. ಕಾರಣ ಆತನಿಗೆ ತಿಳಿದಿರಲಿಲ್ಲ. ಹುಲ್ಲನ್ನು ಅರಗಿಸುವುದು ದನವಲ್ಲ, ಅದರ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು. ಮೆಲುಕಿನೊಡನೆ ಅವೂ ದಾಟಿಹೋಗುತ್ತವೆ. ಪಶುವೈದ್ಯರು ಇಂದಿಗೂ ಆರೋಗ್ಯವಂತ ದನದ ಹೊಟ್ಟೆಯ ರಸವನ್ನು ಅಜೀರ್ಣದಿಂದ ನರಳುವ ದನಕ್ಕೆ ಕುಡಿಸುವುದುಂಟು.

ಮನುಷ್ಯರಲ್ಲಿಯೂ ಈ ಉಪಾಯ ಹಳೆಯದೇ. ನಾಲ್ಕನೆಯ ಶತಮಾನದ ಚೀನೀ ವೈದ್ಯ ಗೆ ಹಾಂಗ್ ತೀವ್ರ ಭೇದಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಸೂಚಿಸಿದ್ದ. 1958ರಲ್ಲಿ ಅಮೆರಿಕದ ಡೆನ್ವರಿನ ಶಸ್ತ್ರವೈದ್ಯ ಬೆನ್ ಐಸ್ಮನ್ ಕರುಳಿನ ಘೋರ ಉರಿಯೂತವಿದ್ದ ನಾಲ್ವರಿಗೆ ಇದೇ ಚಿಕಿತ್ಸೆ ನೀಡಿ ಗುಣಪಡಿಸಿದ. 2013ರಲ್ಲಿ ನೆದರ್ಲೆಂಡ್ಸಿನ ವೈದ್ಯರು ಮರುಕಳಿಸುವ ಕ್ಲಾಸ್ಟ್ರಿಡಿಯಂ ಸೋಂಕಿನ 16 ರೋಗಿಗಳಿಗೆ ಇದನ್ನು ಪ್ರಯೋಗಿಸಿದಾಗ 15 ಮಂದಿ ಗುಣಹೊಂದಿದರು. ಅಸಹ್ಯವೆಂದು ಮೂಗು ಮುರಿದವರೂ ಒಪ್ಪಲೇಬೇಕಾಯಿತು.

ಇನ್ನು ಮಿದುಳಿನ ವಿಚಾರ. ನರತಂತುಗಳಿಗೆ ಹೊದಿಕೆಯಾಗಿರುವ ಮೈಲಿನ್ ಎಂಬ ಕೊಬ್ಬಿನ ವಸ್ತುವಿನಿಂದಲೇ ಮಿದುಳಿನ ಒಂದು ಭಾಗ ಬೆಳ್ಳಗೆ ಕಾಣುತ್ತದೆ. ಆ ಹೊದಿಕೆ ಕೆಟ್ಟರೆ ನಡಿಗೆ ತೊಡರುತ್ತದೆ, ಮಾತು ತಡವರಿಸುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಲ್ಲಿ ಈ ಬಿಳಿಭಾಗಕ್ಕೆ ಪೆಟ್ಟಾಗುವುದುಂಟು. ಅಂಥ ಮಗುವಿನ ತಾಯಿಯೊಬ್ಬರು ಒಮ್ಮೆ ನನ್ನನ್ನು ಕೇಳಿದರು: ‘ಮೇಷ್ಟ್ರೇ, ಹೊಟ್ಟೆಯ ಮೂಲಕ ಮಿದುಳನ್ನು ಸರಿಪಡಿಸಬಹುದಂತೆ, ನಿಜವೇ?’

ಆಸೆಗೆ ಆಧಾರವಿಲ್ಲದಿಲ್ಲ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳ ಮಿದುಳಿನ ಮುಂಭಾಗದಲ್ಲಿ ಮೈಲಿನ್ ಬೆಳವಣಿಗೆ ಏರುಪೇರಾಗಿದ್ದುದನ್ನು 2016ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಕಂಡರು. ಕರುಳಿನ ಜೀವಿಗಳು ನಾರನ್ನು ಹುಳಿಯಿಸಿ ಬ್ಯೂಟಿರಿಕ್ ಆಮ್ಲವನ್ನು ತಯಾರಿಸುತ್ತವೆ. ಬೆಣ್ಣೆಯಿಂದಲೇ ಹೆಸರು ಪಡೆದ ಈ ಆಮ್ಲದ ಲವಣವು ಮೈಲಿನ್ ಮತ್ತೆ ಬೆಳೆಯಲು ನೆರವಾಗುವುದೆಂದು 2019ರ ಪ್ರಯೋಗಾಲಯದ ಅಧ್ಯಯನವೊಂದು ತೋರಿಸಿತು.

ಆದರೆ ಕಥೆಗೆ ಇನ್ನೊಂದು ಮುಖವೂ ಇದೆ. ಅವಳಿಗಳಲ್ಲಿ ಒಬ್ಬರಿಗೆ ಮಾತ್ರ ಮೈಲಿನ್ ನಾಶದ ಕಾಯಿಲೆಯಿದ್ದ ಜೋಡಿಗಳನ್ನು ಜರ್ಮನಿಯ ವಿಜ್ಞಾನಿಗಳು ಆರಿಸಿಕೊಂಡರು. ಆ ಕಾಯಿಲೆಗೆ ಸುಲಭವಾಗಿ ತುತ್ತಾಗುವ ಇಲಿಗಳಿಗೆ ಇಬ್ಬರ ಕರುಳಿನ ಜೀವಿಗಳನ್ನೂ ಬೇರೆಬೇರೆಯಾಗಿ ಸೇರಿಸಿದರು. ರೋಗಿಯಿಂದ ಪಡೆದ ಇಲಿಗಳಲ್ಲಿಯೇ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಂಡಿತೆಂದು 2017ರಲ್ಲಿ ಪ್ರಕಟಿಸಿದರು. 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದೊಡನೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯವೂ ದಾಟಿ ರೋಗಿಯೊಬ್ಬರು ಸಾವಿಗೀಡಾದರು. ಆರೋಗ್ಯ ದಾಟುವ ದಾರಿಯಲ್ಲಿಯೇ ರೋಗವೂ ದಾಟುತ್ತದೆ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ‘ತಾಯಿ, ಮಿದುಳಿನ ಮಟ್ಟಿಗೆ ಇದಿನ್ನೂ ಸಂಶೋಧನೆ, ಚಿಕಿತ್ಸೆಯಲ್ಲ. ಹಣ ಕೇಳುವವರನ್ನು ನಂಬಿ ಹೋಗಬೇಡಿ. ಮಗುವಿನ ವೈದ್ಯರನ್ನೂ ವ್ಯಾಯಾಮವನ್ನೂ ಬಿಡಬೇಡಿ.’ ಮೆಲುಕಿನ ಗುಟ್ಟು ತಿಳಿಯಲು ಶತಮಾನಗಳೇ ಬೇಕಾದವು. ಮಿದುಳಿನ ಗುಟ್ಟಿಗೂ ನಾವು ಕಾಯಬೇಕು. ಕಾಯುವಾಗ ಆಸೆಯನ್ನು ಕಳೆದುಕೊಳ್ಳಬಾರದು, ವಿವೇಕವನ್ನೂ ಕಳೆದುಕೊಳ್ಳಬಾರದು.